ಹೆಸರು ಕೇಳದ ಊರು

ಅಮೃತಹಳ್ಳಿ

ನಮ್ಮ ಯಜಮಾನರು ವಿದೇಶಕ್ಕೆ ಹೊರಟಾಗ ಮೊದಲು ಜೋಡಿಸಿಕೊಂಡದ್ದು ಬಟ್ಟೆಯನ್ನಲ್ಲ, ಜೆರಾಕ್ಸ್ ಪ್ರತಿಗಳನ್ನು. ಪಾಸ್‌ಪೋರ್ಟು, ಆಧಾರ್, ಪ್ಯಾನ್, ವೋಟರ್ ಕಾರ್ಡು, ಪಿಂಚಣಿ ಪುಸ್ತಕದ ಮೊದಲ ಪುಟ, ಎಲ್ಲದಕ್ಕೂ ನಾಲ್ಕು ನಾಲ್ಕು ಪ್ರತಿ, ಪ್ರತಿಯೊಂದರ ಕೆಳಗೂ ಅವರ ಸಹಿ. ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದ ಮನುಷ್ಯ. ಗೇಟಿನಲ್ಲಿ ಕಾರ್ಡು ತೋರಿಸದೆ ಒಳಗೆ ಹೋದ ದಿನವೇ ಇಲ್ಲ. ಸ್ವೀಡನ್ನಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದರೆ, "ಯಾವ ದೇಶ ಆದ್ರೂ ಕೌಂಟರ್ ಕೌಂಟರೇ ಕಣೇ" ಎಂದು ಪ್ಲಾಸ್ಟಿಕ್ ಫೈಲಿನ ಗುಂಡಿ ಒತ್ತಿದರು.

ನನ್ನ ಹೆಸರು ವತ್ಸಲಾ. ಅಮೃತಹಳ್ಳಿ ಪಕ್ಕದ ನಮ್ಮ ಬಡಾವಣೆಗೆಂದು ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತೇನೆ. ಕಸದ ಗಾಡಿ ಬರುವ ಹೊತ್ತು, ಗಣೇಶನ ಚಂದಾ, ಕಳೆದುಹೋದ ಬೆಕ್ಕು, ಹೊಸದಾಗಿ ಶುರುವಾದ ಸಂಗೀತದ ಕ್ಲಾಸು, ಇಂಥವೇ ಅದರ ಸುದ್ದಿಗಳು. ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ ಮನೆಮನೆಯ ಗೇಟಿನ ಸಂದಿಗೆ ಸಿಕ್ಕಿಸುತ್ತೇವೆ. ಜನ ಓದುತ್ತಾರೆ, ಆಮೇಲೆ ಅದರ ಮೇಲೇ ಕೊತ್ತಂಬರಿ ಸೊಪ್ಪು ಬಿಡಿಸುತ್ತಾರೆ. ನನಗೆ ಅದರಲ್ಲಿ ಬೇಸರವಿಲ್ಲ.

ಈ ಬೇಸಿಗೆಯಲ್ಲಿ ಮಾತ್ರ ಅದರಲ್ಲಿ ಒಂದು ಬೇರೆ ಥರದ ಸುದ್ದಿ ಬಂತು. ನಮ್ಮ ಟ್ಯಾಂಕಿಗೆ ನೀರು ಕೊಡುವ ಬೋರ್‌ವೆಲ್ಲಿನ ನೀರನ್ನು ನಿವಾಸಿಗಳ ಸಂಘದವರು ಪರೀಕ್ಷೆಗೆ ಕಳಿಸಿದ್ದರು. ಚರಂಡಿ ನೀರು ಸೇರುತ್ತಿದೆ, ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ಹೊರಗೆ ಗೊತ್ತಾದರೆ ಸೈಟಿನ ಬೆಲೆ ಬೀಳುತ್ತದೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಧ್ಯಕ್ಷರನ್ನು ಬಿಟ್ಟರೆ ಅದನ್ನು ನೋಡಿದ್ದವರು ಐದೇ ಜನ. ಆ ಐವರಲ್ಲಿ ಒಬ್ಬರು ಅದರ ಒಂದು ಪ್ರತಿಯನ್ನು ನನ್ನ ಕೈಗಿಟ್ಟರು. ಇಡುವಾಗ ಹೇಳಿದ್ದು ಒಂದೇ ಮಾತು.

"ನನ್ ಹೆಸ್ರು ಯಾರಿಗೂ ಬೇಡ. ನಿಮ್ಮನೆಯವ್ರಿಗೂ ಬೇಡ."

ಅವರು ಗಂಡಸೋ ಹೆಂಗಸೋ, ಹಿರಿಯರೋ ಕಿರಿಯರೋ ಎಂದು ನಾನು ಇಲ್ಲಿಯೂ ಹೇಳುವುದಿಲ್ಲ. ಆ ಐವರೂ ಒಂದಲ್ಲ ಒಂದು ರೀತಿಯಲ್ಲಿ ಅಧ್ಯಕ್ಷರ ಹಂಗಿನಲ್ಲಿರುವವರೇ. ಒಬ್ಬರಿಗೆ ಕೆಲಸ, ಒಬ್ಬರಿಗೆ ಬಾಡಿಗೆ ಮನೆ, ಒಬ್ಬರಿಗೆ ಗುತ್ತಿಗೆ. ಹೆಸರು ಹೊರಬಿದ್ದರೆ ಅವರ ಅನ್ನಕ್ಕೆ ಕಲ್ಲು ಬೀಳುವುದು ಖಂಡಿತ.

ಅಧ್ಯಕ್ಷರ ಹೆಸರು ಮುನಿರಾಜಣ್ಣ. ಈ ಕಡೆಯ ಹಳೆಯ ಮನೆತನದವರು. ನಮ್ಮ ಬಡಾವಣೆ ಎದ್ದದ್ದೇ ಅವರ ತಂದೆಯ ರಾಗಿ ಹೊಲದಲ್ಲಿ. ಈಗ ಕಟ್ಟಡ ಕಟ್ಟಿಸುತ್ತಾರೆ. ಅವರು ಕೆಟ್ಟವರೆಂದು ನೀವು ತಿಳಿಯಬಾರದು. ನಮ್ಮವರಿಗೆ ಹೃದಯದ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಕೂತವರು ಅವರೇ. ಇಬ್ಬರೂ ಪ್ರತಿದಿನ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದರು. ಸುದ್ದಿ ಬಂದ ದಿನ ಮುನಿರಾಜಣ್ಣ ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತರು.

"ಅಮ್ಮಾ, ಬರ್ದಿದ್ದು ಬರ್ದ್ರಿ, ಓಗ್ಲಿ ಬುಡಿ. ಕೊಟ್ಟೋರು ಯಾರು ಅಂತ ಒಂದ್ ಮಾತು ಏಳ್ಬುಡಿ. ಮನೆ ಒಳಗೇ ಕಳ್ಳನ್ನ ಇಟ್ಕಂಡು ನಾನ್ ಎಂಗೆ ನಿದ್ದೆ ಮಾಡ್ಲಿ?"

ನಾನು ಆಗುವುದಿಲ್ಲ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ನಾವು ಪ್ರವಾಸ ಮುಗಿಸಿ ಬಂದ ಮೇಲೆ ಕಮಿಟಿಯವರನ್ನು ಕರೆದುಕೊಂಡು ಬರುತ್ತೇನೆ, ಆಗ ಹೇಳಲೇಬೇಕು ಎಂದು ಕಾಫಿ ಕುಡಿದು ಎದ್ದರು. ಸ್ವೀಡನ್ನಿನ ಒಂದು ಸಣ್ಣ ಊರಿನ ಪತ್ರಿಕೆಯವರು ಬೇರೆ ಬೇರೆ ದೇಶಗಳಲ್ಲಿ ನನ್ನಂತೆ ಪುಟ್ಟ ಪತ್ರಿಕೆ ನಡೆಸುವವರನ್ನು ಅತಿಥಿಗಳಾಗಿ ಕರೆಸಿಕೊಳ್ಳುತ್ತಾರೆ. ಈ ಸಲ ನನ್ನ ಸರದಿ ಬಂದಿತ್ತು. ನಮ್ಮವರು ತಾವೂ ಬರುತ್ತೇನೆಂದು ಸ್ವಂತ ಖರ್ಚಿನಲ್ಲಿ ಟಿಕೆಟ್ ಮಾಡಿಸಿದರು. ಅಷ್ಟು ಪ್ರೀತಿ ಇದ್ದಕ್ಕಿದ್ದಂತೆ ಎಲ್ಲಿಂದ ಉಕ್ಕಿತೆಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ವಿಮಾನದಲ್ಲಿ

ನಮ್ಮವರು ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟರು. ಕಂಬಳಿ ಹೊದಿಸಿದರು. ತಮ್ಮ ತಟ್ಟೆಯ ಸಿಹಿಯನ್ನು ನನ್ನ ತಟ್ಟೆಗೆ ಹಾಕಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಲೇ ವತ್ಸಲಾ, ನಾನೇನ್ ಹೊರಗ್ನವ್ನಾ?"

"ಅಲ್ಲ."

"ಮತ್ತೆ ನನ್ ಹತ್ರ ಹೇಳೋಕೇನು?"

"ಮಾತು ಕೊಟ್ಟಿದೀನಿ ಕಣ್ರೀ."

"ಸರಿ, ಹೇಳ್ಬೇಡ. ನಾನೇ ಒಂದೊಂದ್ ಹೆಸ್ರು ಹೇಳ್ತೀನಿ. ಅಲ್ಲ ಅಂದ್ರೆ ಅಲ್ಲ ಅನ್ನು. ಹೌದು ಅಂತ ನೀನ್ ಹೇಳೋದೇ ಬೇಡ. ಆಗ ಮಾತು ತಪ್ಪಿದಂಗೂ ಆಗಲ್ಲ."

ನಿದ್ದೆಗಣ್ಣಿನಲ್ಲಿ ಅದು ಸರಿ ಎಂದೇ ಕಂಡಿತು. ಅವರು ಒಂದು ಹೆಸರು ಹೇಳಿದರು. ಆ ವ್ಯಕ್ತಿಗೆ ಅಷ್ಟು ಧೈರ್ಯವಿದ್ದಿದ್ದರೆ ಬಡಾವಣೆ ಎಂದೋ ಉದ್ಧಾರವಾಗುತ್ತಿತ್ತು ಎಂದುಕೊಂಡು ನಗುತ್ತಾ "ಅಲ್ಲ" ಎಂದೆ. ಇನ್ನೊಂದು ಹೆಸರು ಹೇಳಿದರು. "ಅವ್ರಂತೂ ಅಲ್ವೇ ಅಲ್ಲ, ಮಲಗ್ರೀ ಸುಮ್ನೆ" ಎಂದೆ. ಅವರು ಮೂರನೆಯ ಹೆಸರಿಗೆ ಬಾಯಿ ತೆರೆಯುವಷ್ಟರಲ್ಲಿ ನಾನು ಕಂಬಳಿ ಮುಖದ ಮೇಲೆ ಎಳೆದುಕೊಂಡೆ. ಅಂಥ ದೊಡ್ಡ ಅನಾಹುತವೇನೂ ಆಗಲಿಲ್ಲವೆಂದು ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಸ್ಟಾಕ್‌ಹೋಮ್

ಇಳಿದ ದಿನ ನಮ್ಮವರಿಗೆ ಬಾಯಾರಿಕೆ. ಅಂಗಡಿಯಲ್ಲಿ ಚಂದದ ಬಾಟಲಿಯೊಂದನ್ನು ಆರಿಸಿ ತಂದು ಗಟಗಟನೆ ಕುಡಿಯಹೋದವರು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. ಅದು ಸಕ್ಕರೆಯಿಲ್ಲದ, ನಿಂಬೆಹಣ್ಣಿಲ್ಲದ ಬರೀ ಸೋಡಾ. ಹೋಟೆಲಿನ ಹುಡುಗಿಯ ಬಳಿ ಹೋಗಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊನೆಗೆ ನಮ್ಮ ಕೋಣೆಗೇ ಬಂದು ಸ್ನಾನದ ಮನೆಯ ನಲ್ಲಿ ತಿರುಗಿಸಿ, ಒಂದು ಲೋಟ ಹಿಡಿದು, ತಾನೇ ಅರ್ಧ ಕುಡಿದು ತೋರಿಸಿದಳು.

ನಮ್ಮವರು ಬಹಳ ಹೊತ್ತು ಆ ನಲ್ಲಿಯ ಮುಂದೆ ನಿಂತಿದ್ದರು. ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. ತಪಾಸಣೆಯ ಮನುಷ್ಯ ತಾನೇ. ಆಮೇಲೆ ಕಣ್ಣು ಮುಚ್ಚಿ ಕುಡಿದರು. ಕುಡಿದು, "ತಣ್ಣಗೆ ಎಷ್ಟ್ ರುಚಿಯಾಗಿದೆ ನೋಡೇ" ಎಂದು ನನಗೂ ಒಂದು ಲೋಟ ಹಿಡಿದು ಕೊಟ್ಟರು. ಮನೆಯ ನಲ್ಲಿಯಿಂದ ಹೀಗೆ ನೇರವಾಗಿ ನೀರು ಕುಡಿದು ನಮಗೆ ಎಷ್ಟು ವರ್ಷವಾಗಿತ್ತೋ ನೆನಪಿಲ್ಲ.

ಮಾತಿಲ್ಲದ ಬೋಗಿ

ಆ ಸಣ್ಣ ಊರಿಗೆ ರೈಲಿನಲ್ಲಿ ಹೋಗಬೇಕು. ನಮಗೆ ಸಿಕ್ಕಿದ್ದು ಮಾತಾಡಬಾರದ ಬೋಗಿ. ಹೌದು, ಅಲ್ಲಿ ಅದಕ್ಕೂ ಒಂದು ಬೋಗಿ ಇದೆ. ಫೋನು ಹೊಡೆದುಕೊಳ್ಳಬಾರದು, ಹರಟೆ ಕೂಡದು. ಜನ ಪುಸ್ತಕ ಓದುತ್ತಾ, ಸ್ವೆಟರ್ ಹೆಣೆಯುತ್ತಾ, ಕಿಟಕಿಯಾಚೆಯ ಕಾಡು ನೋಡುತ್ತಾ ಕೂತಿದ್ದರು. ಒಬ್ಬಾಕೆ ಸೇಬು ತಿನ್ನಲು ಎದ್ದು ಹೊರಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಮೆಜೆಸ್ಟಿಕ್ ಬಸ್ಸಿನಲ್ಲಿ ಮೂರು ಸ್ಟಾಪು ದಾಟುವುದರೊಳಗೆ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತೆಂದು ನಮಗೆ ಗೊತ್ತಾಗಿರುತ್ತದೆ.

ರೈಲಿನ ವೈಫೈ ಸಿಕ್ಕಿದ ಕೂಡಲೇ ನಮ್ಮವರ ಫೋನಿಗೆ ಮೆಸೇಜುಗಳು ಬಂದು ಬಿದ್ದವು. ಅವರಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಫೋನಿನ ಸದ್ದು ಯಾವಾಗಲೂ ಪೂರ್ತಿ. ಬೆರಳು ಎಲ್ಲಿಗೋ ತಗುಲಿ ಅದರಲ್ಲೊಂದು ವಾಯ್ಸ್ ಮೆಸೇಜು ತೆರೆದುಕೊಂಡು ಮುನಿರಾಜಣ್ಣನ ದನಿ ಇಡೀ ಬೋಗಿಯಲ್ಲಿ ಮೊಳಗಿತು.

"ಸಾರ್, ಊಟ ಆಯ್ತಾ? ಚಳಿ ಐತಾ ಅಲ್ಲಿ? ನೀವ್ ಕಳಿಸಿದ್ ಮೆಸೇಜು ಬಂತು. ಆ ಇಬ್ರೂ ಅಲ್ಲ ಅಂದ್ರೆ ಇನ್ ಮೂರೇ ಜನ ಉಳ್ಕಂಡ್ರು. ಅಮ್ಮನ್ನ ಅಂಗೇ ಇನ್ನೊಸಿ ಮಾತಾಡ್ಸಿ ಸಾರ್, ಒಂದ್ ಕೈ ನೋಡಾನ."

ಎಲ್ಲರೂ ತಲೆ ಎತ್ತಿ ನೋಡಿದರು. ಒಬ್ಬರೂ ಬೈಯಲಿಲ್ಲ. ಆ ಬೋಗಿಯಲ್ಲಿ ನಮ್ಮವರನ್ನು ಬಿಟ್ಟರೆ ಅದರ ಅರ್ಥ ತಿಳಿದವಳು ನಾನೊಬ್ಬಳೇ. ಕಂಬಳಿ, ಕಿಟಕಿ ಸೀಟು, ಸಿಹಿ, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ನಮ್ಮವರು ಮುನಿರಾಜಣ್ಣನಿಗೆ ಮಾತು ಕೊಟ್ಟು ಬಂದಿದ್ದರು. ನನ್ನ ಎರಡು "ಅಲ್ಲ"ಗಳನ್ನು ವಿಮಾನ ಇಳಿದ ಕೂಡಲೇ ಅಮೃತಹಳ್ಳಿಗೆ ರವಾನೆ ಮಾಡಿದ್ದರು. ನಾನು ಹೆಸರು ಹೇಳದೆಯೇ ಐದು ಮೂರಾಗಿತ್ತು. ಇನ್ನೆರಡು ಸಲ ನಾನು ನಿದ್ದೆಗಣ್ಣಿನಲ್ಲಿ ನಕ್ಕಿದ್ದರೆ ಒಬ್ಬರೇ ಉಳಿಯುತ್ತಿದ್ದರು.

ಜಗಳ ಆಡೋಣವೆಂದರೆ ಆ ಬೋಗಿಯಲ್ಲಿ ಅದಕ್ಕೂ ಅವಕಾಶವಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ಪಿಸುಮಾತಿನಲ್ಲಿ ಬೈದೆ.

"ಎಂಥಾ ಕೆಲ್ಸ ಮಾಡಿದ್ರಿ?"

"ಆಸ್ಪತ್ರೇಲಿ ಕೂತಿದ್ದ ಕಣೇ ಅವ್ನು. ಒಂದ್ ಮಾತು ಕೇಳ್ದಾಗ ಇಲ್ಲ ಅನ್ನೋಕಾಗ್ಲಿಲ್ಲ."

"ನಂಗೂ ಒಬ್ರು ಒಂದ್ ಮಾತು ಕೇಳಿದ್ರಲ್ಲ. ನಾನ್ ಅವ್ರಿಗೇನ್ ಹೇಳ್ಲಿ ಈಗ?"

ಅವರು ಫೋನನ್ನು ಸ್ವಿಚ್ ಆಫ್ ಮಾಡಿ ಆ ಜೆರಾಕ್ಸ್ ಫೈಲಿನೊಳಗೆ ಹಾಕಿಟ್ಟರು. ಉಳಿದ ದಾರಿಯುದ್ದಕ್ಕೂ ಇಬ್ಬರೂ ಆ ಬೋಗಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆವು.

ನಗರಸಭೆಯ ಕೌಂಟರು

ನಮ್ಮನ್ನು ಕರೆಸಿಕೊಂಡ ಪತ್ರಿಕೆಯ ಸಂಪಾದಕಿಯ ಹೆಸರು ಕರೀನ್. ನನ್ನ ವಯಸ್ಸಿನವರೇ. ಸೈಕಲ್ಲಿನಲ್ಲಿ ಬಂದು ನಮ್ಮನ್ನು ಎದುರುಗೊಂಡರು. ಮರುದಿನ ಬೆಳಿಗ್ಗೆ ಊರಿನ ನಗರಸಭೆಗೆ ಕರೆದೊಯ್ದು ಬಾಗಿಲಲ್ಲೇ ನಿಂತರು. ಒಳಗೆ ಹೋಗಿ ನಿಮಗೆ ಬೇಕಾದ ಯಾವುದಾದರೂ ಕಾಗದ ಕೇಳಿ, ನಾನು ಬರುವುದಿಲ್ಲ, ನಾನು ಯಾರೆಂದು ಅವರಿಗೆ ಗೊತ್ತು, ನೀವು ಯಾರೆಂದು ಗೊತ್ತಿಲ್ಲ, ಹಾಗಿದ್ದರೇ ಚೆನ್ನ ಎಂದರು.

ಏನು ಕೇಳುವುದು? ಬೇರೇನೂ ತೋಚದೆ, ಈ ಊರಿನ ಕುಡಿಯುವ ನೀರಿನ ಪರೀಕ್ಷಾ ವರದಿ ಬೇಕು ಎಂದೆ.

ಕೌಂಟರಿನಲ್ಲಿ ಗಿಡ್ಡ ಕೂದಲಿನ ಒಬ್ಬ ಹೆಣ್ಣುಮಗಳಿದ್ದಳು. ಸರಿ ಎಂದು ಕಂಪ್ಯೂಟರಿನತ್ತ ತಿರುಗಿದಳು. ನಮ್ಮವರು ಬಿಟ್ಟಾರೆಯೇ? ಫೈಲಿನ ಗುಂಡಿ ತೆರೆದು ಪಾಸ್‌ಪೋರ್ಟಿನ ಪ್ರತಿ, ಆಧಾರಿನ ಪ್ರತಿ, ಎಲ್ಲವನ್ನೂ ಇಸ್ಪೀಟಿನ ಎಲೆಗಳಂತೆ ಅವಳ ಮುಂದೆ ಹರಡಿದರು. ಆ ಹುಡುಗಿಯ ಮುಖ ಕೆಂಪಾಯಿತು. ಏನೋ ನೋಡಬಾರದ್ದನ್ನು ಕಂಡವಳಂತೆ ಒಂದು ಕೈಯಿಂದ ಕಣ್ಣಿಗೆ ಮರೆ ಮಾಡಿಕೊಂಡು, ಇನ್ನೊಂದು ಕೈಯಿಂದ ಆ ಹಾಳೆಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕಿದಳು. ಹಾಕಿ ನಮ್ಮವರ ಕಡೆಗೆ ತಳ್ಳಿದಳು.

ನಮ್ಮವರು ಗಾಬರಿಯಾದರು. ಪ್ರತಿಗಳು ಸ್ಪಷ್ಟವಾಗಿಲ್ಲವೇನೋ ಎಂದುಕೊಂಡು ಬಾಯಲ್ಲೇ ಹೇಳಲು ಹೊರಟರು. ಮೈ ನೇಮ್ ಈಸ್ ಎನ್ನುವಷ್ಟರಲ್ಲಿ ಅವಳು ಎರಡೂ ಕೈ ಎತ್ತಿ ತಡೆದಳು.

ನೀವು ಯಾರು ಎಂದು ನಾನು ಕೇಳುವಂತಿಲ್ಲ, ಯಾಕೆ ಬೇಕು ಎಂದೂ ಕೇಳುವಂತಿಲ್ಲ, ದಯವಿಟ್ಟು ಹೇಳಬೇಡಿ, ಹೇಳದಿದ್ದರೆ ನನಗೆ ಅನುಕೂಲ ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ನಮ್ಮವರು ನನ್ನ ಕಡೆ ತಿರುಗಿದರು.

"ಮತ್ತೆ ಸಹಿ ಎಲ್ಲಿ ಹಾಕ್ಬೇಕಂತೆ ಕೇಳು."

ಎಲ್ಲಿಯೂ ಹಾಕಬೇಕಾಗಿರಲಿಲ್ಲ. ನಾವು ಅಲ್ಲಿನ ಬೆಂಚಿನ ಮೇಲೆ ಕೂತು ಚಪ್ಪಟೆ ಬಿಸ್ಕತ್ತೊಂದನ್ನು ತಿಂದು ಮುಗಿಸುವಷ್ಟರಲ್ಲಿ ಆ ಊರಿನ ನೀರಿನ ವರದಿ ನನ್ನ ಕೈಯಲ್ಲಿತ್ತು. ಭಾಷೆ ಗೊತ್ತಿಲ್ಲದಿದ್ದರೂ ಅಂಕಿಗಳು ಓದಲು ಬರುತ್ತವಲ್ಲ. ಕಾಗದ ಇನ್ನೂ ಬೆಚ್ಚಗಿತ್ತು. ನಾನು ಅದನ್ನು ಹಿಡಿದುಕೊಂಡು ಮೂಢಳಂತೆ ನಿಂತೆ. ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯಿಲ್ಲ. ನಮ್ಮಲ್ಲಿ ಒಬ್ಬರು ಇಂಥದೇ ಒಂದು ಕಾಗದವನ್ನು ಸೆರಗಿನಲ್ಲೋ ಷರಟಿನೊಳಗೋ ಮುಚ್ಚಿಕೊಂಡು, ಹಿಂದೆ ಮುಂದೆ ನೋಡಿಕೊಂಡು ತಂದುಕೊಡಬೇಕಾಯಿತು. ಇಲ್ಲಿ ದಾರಿಹೋಕಳೊಬ್ಬಳಿಗೆ ಬಿಸ್ಕತ್ತು ತಿನ್ನುವಷ್ಟರಲ್ಲಿ ಕೊಟ್ಟರು.

ನಮ್ಮಲ್ಲಿಯೂ ಮಾಹಿತಿ ಹಕ್ಕಿನ ಕಾನೂನಿದೆ. ಒಳ್ಳೆಯ ಕಾನೂನೇ. ಯಾಕೆ ಬೇಕೆಂದು ಕೇಳುವಂತಿಲ್ಲ ಎಂದು ಅದರಲ್ಲೂ ಇದೆ. ಆದರೆ ಹೆಸರು, ವಿಳಾಸ ಬರೆಯಬೇಕು. ನಾನು ಒಮ್ಮೆ ರಸ್ತೆ ದೀಪದ ಬಗ್ಗೆ ಅರ್ಜಿ ಹಾಕಿದ್ದೆ. ಅಂದೇ ಸಂಜೆ ಎಲ್ಲಿಯೋ ಕೇಳಿದ ನೆನಪಿನ ದನಿಯ ಒಬ್ಬರು ಫೋನ್ ಮಾಡಿ, "ಏನ್ ಮೇಡಮ್, ಅರ್ಜಿ ಗಿರ್ಜಿ ಹಾಕಿದೀರಂತೆ, ನಮ್ಗೇ ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಬಹಳ ಪ್ರೀತಿಯಿಂದ ಕೇಳಿದ್ದರು. ಆ ಪ್ರೀತಿಯ ಮೇಲೆ ನಾನು ಇನ್ನೊಂದು ಅರ್ಜಿ ಹಾಕಲಿಲ್ಲ.

ನಮ್ಮ ಕೆಲಸ ಮುಗಿದ ಮೇಲೆ ಕರೀನ್ ಒಳಗೆ ಬಂದು ನಮಗೆ ಹಜಾರದ ಒಂದು ಕಂಪ್ಯೂಟರ್ ತೋರಿಸಿದರು. ನಗರಸಭೆಗೆ ಬಂದ ಪತ್ರಗಳ ವಿವರ ಅದರಲ್ಲಿ. ಊರಿನ ಮುಖ್ಯಸ್ಥರಿಗೆ ಬಂದ ಪತ್ರವನ್ನೂ, ಯಾರದೋ ಆರೋಗ್ಯದಂಥ ಗುಟ್ಟಿನ ವಿಷಯ ಇಲ್ಲದಿದ್ದರೆ, ಯಾರು ಬೇಕಾದರೂ ಕೇಳಿ ಓದಬಹುದು. ಕರೀನ್ ಒಂದನ್ನು ತೆಗೆಸಿ ಅರ್ಥ ಹೇಳಿದರು. ಸರೋವರದ ದಂಡೆಯಲ್ಲಿ ಬಾತುಗಳು ಗಲೀಜು ಮಾಡುತ್ತವೆ, ಮೊಮ್ಮಗನ ಚಪ್ಪಲಿ ಹಾಳಾಯಿತು ಎಂದು ಯಾರೋ ಅಜ್ಜಿ ಎರಡು ಪುಟ ಬರೆದಿದ್ದರು. ಬಾತುಗಳೊಡನೆ ಮಾತಾಡುತ್ತೇವೆ ಎಂಬರ್ಥದ ಉತ್ತರವೂ ಇತ್ತು. ಈ ವ್ಯವಸ್ಥೆಗೆ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಾಗಿವೆ ಎಂದರು ಕರೀನ್. ಅದನ್ನು ಅವರು ಹೇಳಿದ್ದು ನಮ್ಮ ಊರಿನಲ್ಲಿ ಬಸ್ ಸ್ಟ್ಯಾಂಡ್ ಇದೆ ಎನ್ನುವ ಧಾಟಿಯಲ್ಲಿ. ನನಗೆ ನಂಬಲು ಆ ಇಡೀ ದಿನ ಬೇಕಾಯಿತು.

ಕರೀನ್ ಮನೆಯ ಅಡುಗೆಕೋಣೆ

ಅಂದು ಸಂಜೆ ಕರೀನ್ ಮನೆಯಲ್ಲಿ ಊಟ. ಅಲ್ಲಿಯೂ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ ಎಂದು ತಿಳಿದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮವರಿಗೆ ಮಾತ್ರ ಸಂಕಟ. ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಕರೀನ್ ಗಂಡ ಲಾರ್ಸ್ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದವರು. ಅವರು ಆ ಹೆಬ್ಬೆರಳನ್ನು ನೋಡಿ, ತಮ್ಮ ಕಾಲನ್ನೂ ಮುಂದೆ ಚಾಚಿ ತೋರಿಸಿದರು. ಅಲ್ಲಿಯೂ ಒಂದು ತೂತಿತ್ತು. ಅಲ್ಲಿಂದ ಮುಂದೆ ಇಬ್ಬರೂ ಬಾಲ್ಯದ ಗೆಳೆಯರಂತಾದರು.

ಕರೀನ್ ಒಂದು ಹಳೆಯ ಸಂಗತಿ ಹೇಳಿದರು. ಊರಿನ ವೃದ್ಧಾಶ್ರಮದಲ್ಲಿ ಮುದುಕರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂದು ಅವರ ಪತ್ರಿಕೆ ಬರೆದಿತ್ತು. ಒಳಗಿನವರೇ ಯಾರೋ ಹೇಳಿದ್ದರು. ಅದು ನಗರಸಭೆಯದೇ ಆಶ್ರಮ. ಅಲ್ಲಿನ ಮೇಲಧಿಕಾರಿ ನೌಕರರ ಸಭೆ ಕರೆದು ಪತ್ರಿಕೆಗೆ ಹೇಳಿದವರು ಯಾರು ಎಂದು ಕೇಳಿದರಂತೆ. ಕೆಲಸದಿಂದ ತೆಗೆಯಲಿಲ್ಲ, ಬೈಯಲಿಲ್ಲ. ಬರೀ ಕೇಳಿದರು. ಕೇಳಿದ್ದಕ್ಕೇ ಅವರ ಮೇಲೆ ಮೊಕದ್ದಮೆಯಾಗಿ ದಂಡ ಬಿತ್ತು.

"ಕೇಳಿದ್ದಕ್ಕೇ?" ನಮ್ಮವರು ಕನ್ನಡದಲ್ಲೇ ಕೇಳಿಬಿಟ್ಟರು.

ನಾನು ಅನುವಾದ ಮಾಡಿದೆ. ಹೌದು, ಸರ್ಕಾರದ ಜಾಗದಲ್ಲಿ ಕೂತವರು ಹುಡುಕುವುದೇ ಅಪರಾಧ ಎಂದರು ಕರೀನ್. ಖಾಸಗಿ ಸಂಘಗಳಿಗೆ ಈ ಕಟ್ಟು ಅಷ್ಟಾಗಿ ಇಲ್ಲ ಎಂದೂ ಪ್ರಾಮಾಣಿಕವಾಗಿ ಹೇಳಿದರು. ಆದರೆ ಹೆಸರು ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟ ಪತ್ರಕರ್ತೆ ಅದನ್ನು ಬಾಯಿಬಿಟ್ಟರೆ, ಶಿಕ್ಷೆ ಪತ್ರಕರ್ತೆಗೇ.

ನಮ್ಮವರು ಲಾರ್ಸ್ ಕಡೆ ತಿರುಗಿದರು. ಆ ಹೇಳಿದವರು ಯಾರೆಂದು ನಿಮಗೆ ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದರು ಲಾರ್ಸ್. ಒಂದು ಸಲವೂ ಕೇಳಲಿಲ್ಲವೇ? ಲಾರ್ಸ್ ನಕ್ಕರು. ಮೊದಲ ವರ್ಷ ಬಹಳ ಆಸೆಯಾಗುತ್ತಿತ್ತು, ನೇರವಾಗಿ ಕೇಳದೆ ಒಂದೊಂದೇ ಹೆಸರು ಹೇಳಿ ಇವಳ ಮುಖ ನೋಡುತ್ತಿದ್ದೆ, ನಾನು ಹೆಸರು ಎತ್ತಿದ ಕೂಡಲೇ ಇವಳು ಎದ್ದು ಅದನ್ನು ಹಾಕಿಬಿಡುತ್ತಿದ್ದಳು ಎಂದು ಮೂಲೆಯಲ್ಲಿದ್ದ ಕಾಫಿ ಬೀಜ ಪುಡಿ ಮಾಡುವ ಯಂತ್ರವನ್ನು ತೋರಿಸಿದರು. ಆ ವರ್ಷ ನಾವು ಕುಡಿದಷ್ಟು ಕಾಫಿ ಈ ಊರಿನಲ್ಲಿ ಯಾರೂ ಕುಡಿದಿರಲಾರರು ಎಂದರು.

ಕರೀನ್ ನಗಲಿಲ್ಲ. ‘ಅಲ್ಲ’ ಎನ್ನುವುದೂ ಉತ್ತರವೇ ಎಂದರು. ನಾಲ್ವರಿಗೆ ಅಲ್ಲ ಎಂದರೆ ಐದನೆಯವರನ್ನು ಹಿಡಿದು ಕೊಟ್ಟಂತೆಯೇ, ಅದಕ್ಕೇ ನಾನು ಯಾರಿಗೂ ಅಲ್ಲ ಎಂದೂ ಹೇಳುವುದಿಲ್ಲ, ನನ್ನ ಗಂಡನಿಗೂ ಹೇಳುವುದಿಲ್ಲ ಎಂದರು.

ನಮ್ಮವರು ತಲೆ ತಗ್ಗಿಸಿಕೊಂಡು ಆಲೂಗಡ್ಡೆಯನ್ನು ಚಮಚದಿಂದ ಒತ್ತುತ್ತಿದ್ದರು. ನಾನು ಏನನ್ನೂ ಹೇಳಬೇಕೆಂದಿರಲಿಲ್ಲ. ಗಂಡನ ಮಾನ ಪರದೇಶದಲ್ಲಿ ಕಳೆಯುವುದುಂಟೇ? ಆದರೆ ಅವರೇ ಚಮಚ ಕೆಳಗಿಟ್ಟು, ತಮ್ಮ ಕಾರ್ಖಾನೆಯ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ವಿಮಾನ, ಎರಡು ಹೆಸರು, ಮುನಿರಾಜಣ್ಣ, ಆಸ್ಪತ್ರೆ, ಒಂದನ್ನೂ ಬಿಡಲಿಲ್ಲ.

ಕರೀನ್ ಬೈಯಲಿಲ್ಲ. ಸ್ವಲ್ಪ ಯೋಚಿಸಿ, ನಮ್ಮಲ್ಲಾಗಿದ್ದರೆ ಇದಕ್ಕೆ ಕಟಕಟೆ ಹತ್ತಬೇಕಾದವರು ನಿಮ್ಮ ಹೆಂಡತಿ, ನೀವಲ್ಲ ಎಂದರು. ನಮ್ಮವರ ಮುಖ ಬಿಳುಚಿಕೊಂಡಿತು. ಆಮೇಲೆ ಕರೀನ್ ನಮ್ಮವರ ತಟ್ಟೆಗೆ ಇನ್ನಷ್ಟು ಆಲೂಗಡ್ಡೆ ಬಡಿಸಿದರು.

ಆ ಅಡುಗೆಕೋಣೆಯಲ್ಲಿ ಕೂತು ನಾನು ಆ ಇಬ್ಬರನ್ನೇ ನೋಡುತ್ತಿದ್ದೆ. ಒಂದೇ ಮಂಚ, ಒಂದೇ ಊಟದ ಮೇಜು, ಇಷ್ಟು ವರ್ಷ. ನಡುವೆ ಒಂದು ಹೆಸರು ಕೂತಿದೆ, ಅದು ಯಾರೆಂದು ಒಬ್ಬರಿಗೆ ಗೊತ್ತು, ಒಬ್ಬರಿಗೆ ಗೊತ್ತಿಲ್ಲ. ಅದರಿಂದ ಅವರ ಪ್ರೀತಿಗೆ ಒಂದಿಷ್ಟೂ ಕೊರತೆಯಾದಂತೆ ಕಾಣಲಿಲ್ಲ. ಗಂಡಹೆಂಡಿರ ನಡುವೆ ಗುಟ್ಟಿರಬಾರದು ಎಂದು ನನ್ನ ತಾಯಿ ಮದುವೆಯ ದಿನ ಹೇಳಿ ಕಳಿಸಿದ್ದರು. ಇಂಥ ಗುಟ್ಟೊಂದಿದೆ ಎಂದು ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಸರೋವರದ ದಂಡೆ

ಹೊರಡುವ ಹಿಂದಿನ ದಿನ ಸರೋವರದ ಮರದ ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದೆವು. ಆ ಮಂಜಿನಂಥ ನೀರಿಗೆ ಊರಿನವರು ಒಬ್ಬೊಬ್ಬರಾಗಿ ಧುಮುಕಿ, ಒಂದು ಮಾತೂ ಆಡದೆ ಈಜಿ, ಎದ್ದು ಹೋಗುತ್ತಿದ್ದರು. ತಳದ ಕಲ್ಲುಗಳು ಎಣಿಸುವಷ್ಟು ನಿಚ್ಚಳವಾಗಿ ಕಾಣುತ್ತಿದ್ದವು. ನಮ್ಮ ಕಡೆಯ ಕೆರೆಗಳ ನೊರೆ ನೆನಪಾಯಿತು. ಅಜ್ಜಿ ದೂರಿದ್ದ ಬಾತುಗಳು ಅಲ್ಲೇ ಇದ್ದವು. ಅವುಗಳೊಡನೆ ಯಾರೂ ಮಾತಾಡಿದ ಹಾಗೆ ಕಾಣಲಿಲ್ಲ.

ನಮ್ಮವರು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ನೋಡಿ ನನಗೆ ಪಾಪ ಅನ್ನಿಸಿತು. ಇನ್ನು ಮೂರೇ ಹೆಸರು ಉಳಿದಿವೆ, ಇವರಿಗೂ ಗೊತ್ತಿದ್ದರೆ ಇಬ್ಬರೂ ಸೇರಿ ಆ ಒಬ್ಬರನ್ನು ಕಾಯಬಹುದಲ್ಲ ಎಂಬ ಯೋಚನೆ ಬಂತು. ಕೊಟ್ಟ ಮಾತನ್ನು ಮುರಿಯುವುದಕ್ಕೂ ಮನಸ್ಸು ಎಷ್ಟು ಒಳ್ಳೆಯ ಕಾರಣ ಹುಡುಕುತ್ತದೆ ನೋಡಿ.

"ರೀ, ಒಂದ್ ವಿಷ್ಯ ಹೇಳ್ತೀನಿ, ಅದು ಯಾರಂದ್ರೆ..."

ಅವರು ಸರಕ್ಕನೆ ಕೈ ಎತ್ತಿದರು. ಆ ಕೌಂಟರಿನ ಹುಡುಗಿ ಎತ್ತಿದಂತೆಯೇ, ಎರಡೂ ಕೈ.

"ಹೇಳ್ಬೇಡ ಕಣೇ. ನಂಗೆ ಗೊತ್ತಾದ್ರೆ ನನ್ ಮುಖ ಹೇಳ್ಬಿಡುತ್ತೆ. ಇಷ್ಟ್ ವರ್ಷ ಜೊತೇಲಿ ವಾಕಿಂಗ್ ಮಾಡಿದಾನೆ ಮುನಿರಾಜಣ್ಣ. ನನ್ ಮುಖ ಓದೋಕೆ ಬರುತ್ತೆ ಅವ್ನಿಗೆ."

ಮಾತು ತಪ್ಪಲು ಹೊರಟವಳು ನಾನು, ಉಳಿಸಿದವರು ಅವರು. ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲವಾದ್ದರಿಂದ ಸಂಕೋಚವಾಗಲಿಲ್ಲ.

ಮತ್ತೆ ಅಮೃತಹಳ್ಳಿ

ಬಂದ ಮೊದಲ ಭಾನುವಾರವೇ ಮುನಿರಾಜಣ್ಣ ಕಮಿಟಿಯವರನ್ನು ಕರೆದುಕೊಂಡು ಬಂದರು. ಹಾಲಿನಲ್ಲಿದ್ದ ಕುರ್ಚಿ ಸಾಲದೆ ಊಟದ ಮೇಜಿನ ಕುರ್ಚಿಗಳನ್ನೂ ಎಳೆದುಹಾಕಿದೆವು. ವರದಿ ನೋಡಿದ್ದ ಆ ಐವರಲ್ಲಿ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂದು ನಾನು ಬರೆಯುವುದಿಲ್ಲ. ಇದನ್ನು ಮುನಿರಾಜಣ್ಣನೂ ಓದುತ್ತಾರೆ. ಎಲ್ಲರಿಗೂ ಕಾಫಿ ಕೊಟ್ಟೆ. ಕ್ಯಾನ್ ನೀರಿನಲ್ಲಿ ಮಾಡಿದ ಕಾಫಿ.

"ಏನ್ ಸಾರ್, ಅಲ್ಲಿಂದ ಒಂದ್ ಫೋನೂ ಇಲ್ಲ," ಎಂದು ಮುನಿರಾಜಣ್ಣ ಶುರು ಮಾಡಿದರು. "ಓಗ್ಲಿ. ಆ ಇಬ್ರು ಅಲ್ಲ ಅಂತ ಗೊತ್ತಾಯ್ತು. ಮಿಕ್ಕಿದ್ದು?"

"ಅದನ್ನ ಮರ್ತುಬಿಡಿ ಮುನಿರಾಜಣ್ಣ," ಎಂದರು ನಮ್ಮವರು. "ನನ್ ಕಾಟ ತಾಳಲಾರ್ದೆ ನಿದ್ದೆಗಣ್ಣಲ್ಲಿ ಏನೋ ಅಂದಿದ್ಲು. ಅದ್ರ ಮೇಲೆ ಏನೂ ಲೆಕ್ಕ ಕಟ್ಬೇಡಿ. ನಾನ್ ಕಳಿಸಿದ್ದೇ ತಪ್ಪು. ಅದಾದ್ಮೇಲೆ ನಾನೂ ಕೇಳಿಲ್ಲ."

"ಯಾಕ್ ಸಾರ್?"

"ಕೇಳ್ಬಾರ್ದು ಅದನ್ನ."

ಮುನಿರಾಜಣ್ಣ ಎಲ್ಲರ ಮುಖ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮುಂದಕ್ಕೆ ಬಾಗಿದರು.

"ಆಯ್ತಮ್ಮ, ನೀವೂ ಏಳ್ಬ್ಯಾಡಿ. ನಾನೇ ಒಂದ್ ಎಸ್ರು ಏಳ್ತೀನಿ. ನೀವು ಸುಮ್ಕೆ ನನ್ ಮುಖ ನೋಡಿ, ಸಾಕು."

ನನ್ನ ಮುಖವನ್ನು ಎಲ್ಲಿ ಬಚ್ಚಿಡಲಿ? ಮುನಿರಾಜಣ್ಣ ಬಾಯಿ ತೆರೆದರು.

ಅಷ್ಟರಲ್ಲಿ ಅಡುಗೆಮನೆಯಿಂದ ಭಯಂಕರ ಸದ್ದು ಬಂತು. ನಮ್ಮವರು ಯಾವಾಗ ಎದ್ದು ಹೋದರೋ ಗೊತ್ತಿಲ್ಲ. ಮಿಕ್ಸಿಗೆ ದೊಡ್ಡ ಜಾರು ಸಿಕ್ಕಿಸಿ, ಒಳಗೆ ಏನೂ ಹಾಕದೆ, ಮೂರನೇ ನಂಬರಿಗೆ ತಿರುಗಿಸಿಟ್ಟಿದ್ದರು. ಮುನಿರಾಜಣ್ಣನ ತುಟಿ ಅಲ್ಲಾಡಿದ್ದು ಕಂಡಿತು, ಹೆಸರು ಯಾರಿಗೂ ಕೇಳಲಿಲ್ಲ. ಅವರು ಮಾತು ನಿಲ್ಲಿಸಿದರು. ಮಿಕ್ಸಿ ನಿಂತಿತು. ಅವರು ಮತ್ತೆ ಬಾಯಿ ತೆರೆದರು. ಮಿಕ್ಸಿ ಮತ್ತೆ ಹೊತ್ತಿಕೊಂಡಿತು. ಕಮಿಟಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಮಾತ್ರ ಆ ಗದ್ದಲದ ತುಂಬ ನೆಲದ ಟೈಲ್ಸ್ ನೋಡುತ್ತಾ ಕೂತಿದ್ದೆ.

ಸದ್ದು ಪೂರ್ತಿ ಅಡಗಿದ ಮೇಲೆ ನಮ್ಮವರು ಬಾಗಿಲಿಗೆ ಬಂದು ನಿಂತರು. ಹಣೆ ಬೆವೆತಿತ್ತು.

"ಸಾರ್, ಆಸ್ಪತ್ರೇಲಿ ನಿಮ್ಗೋಸ್ಕರ ನಾನ್ ಕುಂತಿದ್ದೆ," ಎಂದರು ಮುನಿರಾಜಣ್ಣ. ಸಿಟ್ಟಿರಲಿಲ್ಲ, ನೋವಿತ್ತು.

"ಕೂತಿದ್ರಿ. ಸಾಯೋವರ್ಗೂ ಮರೆಯಲ್ಲ. ಬೇರೇನ್ ಬೇಕಾದ್ರೂ ಕೇಳಿ ಮುನಿರಾಜಣ್ಣ, ಕೊಡ್ತೀನಿ. ಇದೊಂದನ್ನ ನಮ್ಮನೇಲಿ ಕೇಳ್ಬೇಡಿ."

ಮುನಿರಾಜಣ್ಣ ಎದ್ದು ಹೋದರು. ಕಾಫಿ ಅರ್ಧ ಉಳಿದಿತ್ತು. ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು. ಮರುದಿನದಿಂದ ನಮ್ಮವರು ವಾಕಿಂಗಿಗೆ ಒಬ್ಬರೇ ಹೋಗುತ್ತಾರೆ. ಮೂಲೆಯ ತಿರುವಿನಲ್ಲಿ ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದೆ ನಡೆಯುವುದನ್ನು ನಾನು ಮಹಡಿಯಿಂದ ನೋಡುತ್ತೇನೆ. ಐವರಲ್ಲಿ ಯಾರ ಅನ್ನಕ್ಕೂ ಈವರೆಗೆ ಕಲ್ಲು ಬಿದ್ದಿಲ್ಲ.

ಆ ಭಾನುವಾರ ಎಲ್ಲರೂ ಹೋದ ಮೇಲೆ ನಮ್ಮವರು ಲೋಟಗಳನ್ನು ತೊಳೆಯುತ್ತಿದ್ದರು. ನಾನು ಒರೆಸಿ ಇಡುತ್ತಿದ್ದೆ. ಒಂದು ಲೋಟವನ್ನು ಕೈಯಲ್ಲಿ ಹಿಡಿದು ಅದನ್ನೇ ತಿರುಗಿಸಿ ನೋಡಿದರು.

"ಅಲ್ಲ ಕಣೇ, ಇವತ್ತು ಬಂದಿದ್ರಲ್ಲ, ಅದ್ರಲ್ಲಿ ಅವ್ರೂ..."

ಅಲ್ಲಿಗೆ ನಿಲ್ಲಿಸಿದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಪಕ್ಕಕ್ಕೆ ಸರಿದು, ತಾವೇ ಮಿಕ್ಸಿಯ ಗುಂಡಿ ತಿರುಗಿಸಿದರು. ನನ್ನ ಕಡೆ ನೋಡದೆ, ಆ ಖಾಲಿ ಜಾರಿನ ಮೇಲೆ ಕೈಯಿಟ್ಟುಕೊಂಡು, ನನಗೆ ಕೇಳಿಸದ ತಮ್ಮ ಪ್ರಶ್ನೆ ಮುಗಿಯುವವರೆಗೂ ನಿಂತಿದ್ದರು. ಆ ಸದ್ದಿನಲ್ಲಿ ನಾನು ಅತ್ತದ್ದು ಅವರಿಗೆ ಕೇಳಿಸಲಿಲ್ಲ.